ಹೂಗ್ಯಂನಲ್ಲಿ ಉಬ್ಬಸವೇ ಇಲ್ಲವಂತೆ!

ಹೂಗ್ಯಂ ಕಡೆಯವರಿಗೆ ಶ್ವಾಸಕೋಶದ ಕಾಯಿಲೆಯೇ ಬರುವುದಿಲ್ಲವಂತೆ. ಗೊತ್ತಿತ್ತಾ ನಿಮಗೆ? ನನಗೂ ಕಳೆದ ವಾರವೇ ಗೊತ್ತಾಗಿದ್ದು.

ಕೊಳ್ಳೇಗಾಲದಲ್ಲಿ ಒಂದು ಆರೋಗ್ಯದ ಮೀಟಿಂಗು. ರಿಟೈರ್ಡ್ ಮೇಷ್ಟ್ರು ಎಂಬ ಮರ್ಯಾದೆಗೆ ನನ್ನನ್ನೂ ಕರೆದಿದ್ದರು. (ಬಾದಾಮಿ ಹಾಲು ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.) ಆರೋಗ್ಯ ಇಲಾಖೆಯ ಸಾಹೇಬರೊಬ್ಬರು ಗೋಡೆಯ ಮೇಲೆ ಮ್ಯಾಪು ಬಿಟ್ಟರು. ಉಬ್ಬಸದಿಂದ ಆಸ್ಪತ್ರೆಗೆ ಸೇರಿದವರು ಯಾವ ಊರಿನವರು ಎಂದು ನೋಡಿ ಬಣ್ಣ ಬಳಿದಿದ್ದರು. ಕೊಳ್ಳೇಗಾಲ ಕಡುಗೆಂಪು, ಯಳಂದೂರು ತಿಳಿಗೆಂಪು, ಹನೂರಿನಾಚೆ ಹೂಗ್ಯಂ ಕಡೆಗೆಲ್ಲ ಹಚ್ಚಹಸಿರು.

"ಕಾಡಂಚು ನೋಡಿ ಸರ್, ಪ್ಯೂರ್ ಗಾಳಿ" ಎಂದರು. ಉಬ್ಬಸದವರಿಗೆ ಔಷಧಿಯ ಆವಿ ಕೊಡುವ ಮಷೀನುಗಳು ಹೊಸದಾಗಿ ಬರಲಿದ್ದವು; ಅವೆಲ್ಲ ಕೆಂಪಿದ್ದ ಕಡೆಗೆ. ಹಸಿರಿಗೆ ಏನೂ ಬೇಡವಂತೆ.

ನನ್ನ ಮೈ ಉರಿದುಹೋಯಿತು. ಯಾಕೆಂದರೆ ಹೂಗ್ಯಂನ ನನ್ನ ದೊಡ್ಡಮ್ಮ ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಕೊಳ್ಳೇಗಾಲದ ನನ್ನ ಮನೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲ. ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಹಸಿ ಸೌದೆಯ ಒಲೆ ಊದಿ ಊದಿ ಬಂದ ಕಾಯಿಲೆ. ಹೆಚ್ಚಾದಾಗಲೆಲ್ಲ ಬಸ್ಸು ಬದಲಾಯಿಸಿಕೊಂಡು ಕೊಳ್ಳೇಗಾಲಕ್ಕೇ ಬರಬೇಕು. ಊರ ಹತ್ತಿರ ಆ ಮಷೀನೊಂದಿದ್ದರೆ ಅರ್ಧ ಸಂಕಟ ತಪ್ಪುತ್ತಿತ್ತು.

ಮನೆಗೆ ಬಂದು ಕೂಗಾಡಿದೆ. "ನಿಮ್ಮೂರಲ್ಲಿ ಯಾರಿಗೂ ಉಬ್ಬಸ ಇಲ್ವಂತೆ ದೊಡ್ಡಮ್ಮ!"

ಅವಳು ನಗಲು ಹೋಗಿ ಕೆಮ್ಮಿದಳು. "ಆಸ್ಪತ್ರೆಲಿ ನಮ್ಮೂರೆಸ್ರ ಯಾವತ್ಲಾ ಬರ್ಸಿದ್ದೀಯ? ಅಲ್ಲಿಗೋದಾಗೆಲ್ಲ ನೀನು ನಿನ್ ಮನೆ ಅಡ್ರೆಸ್ಸೇ ಕೊಟ್ಟೆ ಕಣ್ಲಾ."

ಡಿಸ್ಚಾರ್ಜ್ ಚೀಟಿ ತೆಗೆದು ನೋಡಿದೆ. ನಿಜ. ದೊಡ್ಡಮ್ಮ ಕೊಳ್ಳೇಗಾಲದವಳು! ಊರಲ್ಲಿ ಫೋನು ಸಿಗುವುದಿಲ್ಲ, ನನ್ನದೇ ಇರಲಿ ಎಂದು ಪ್ರತಿ ಸಲವೂ ಬರೆಸಿದವನು ನಾನೇ. ವಿಚಾರಿಸಿದರೆ ಪಕ್ಕದ ಮನೆಯವರೂ ಹನೂರಿನಾಚೆಯ ಅಜ್ಜೀಪುರದ ತಮ್ಮ ಮಾವನಿಗೆ ಹಾಗೇ ಮಾಡಿದ್ದಾರೆ. ಕೊಳ್ಳೇಗಾಲದಲ್ಲಿ ಹಳ್ಳಿಯ ನೆಂಟರಿಲ್ಲದ ಮನೆ ಎಲ್ಲಿದೆ ಹೇಳಿ? ಇನ್ನು ಬಸ್ಸು ಹತ್ತಲೂ ಆಗದೆ ಊರಲ್ಲೇ ಏದುಸಿರು ಬಿಡುವವರು ಯಾವ ಬಣ್ಣದಲ್ಲೂ ಇಲ್ಲ.

ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ನಾನು ದಡ್ಡ, ಒಪ್ಪಿದೆ. ಆದರೆ ಸಾಹೇಬರು ಒಂದೇ ಒಂದು ದಿನ ಅಲ್ಲಿಯ ಅಡುಗೆಮನೆಯೊಳಗೆ ನಿಂತಿದ್ದರೂ ಪ್ಯೂರ್ ಗಾಳಿ ಎಂಥದೆಂದು ತಿಳಿಯುತ್ತಿರಲಿಲ್ಲವೇ?

ಮಾರನೇ ದಿನ ಚೀಟಿ ಹಿಡಿದು ಅವರ ಆಫೀಸಿಗೆ ಹೋದೆ. ತಪ್ಪು ನನ್ನದು, ದಯವಿಟ್ಟು ತಿದ್ದಿಕೊಳ್ಳಿ ಎಂದೆ.

"ಮಷೀನಿನ ಲಿಸ್ಟ್ ಮೇಲಕ್ಕೆ ಹೋಗಾಯ್ತು ಸರ್. ಮುಂದಿನ ವರ್ಷ ನೋಡೋಣ."

ಸ್ವಾಮಿ, ಅಲ್ಲಿಯವರೆಗೆ ಉಸಿರು ಬಿಗಿಹಿಡಿದುಕೊಂಡಿರು ಎಂದು ನನ್ನ ದೊಡ್ಡಮ್ಮನಿಗೆ ನೀವೇ ಬಂದು ಹೇಳುತ್ತೀರಾ?