ಅವರೊಬ್ಬರೇ ನೋಡಿದ ಮುಖ

ನಮ್ಮ ಮೊದಲ ಮಗು ಏಳು ತಿಂಗಳಿಗೇ ಹೊಟ್ಟೆಯಲ್ಲಿ ತೀರಿಕೊಂಡಿತು. ಸಿಂದಗಿಯ ಆಸ್ಪತ್ರೆಯಲ್ಲಿ ನನಗೆ ಪೂರ್ತಿ ಎಚ್ಚರವಾಗುವಷ್ಟರಲ್ಲಿ ನನ್ನ ಗಂಡ ಅದನ್ನು ಯಂಕಂಚಿಯ ನಮ್ಮ ಹೊಲಕ್ಕೆ ಒಯ್ದು ಮಣ್ಣು ಮಾಡಿ ಬಂದಿದ್ದರು. ಹೆಣ್ಣು ಮಗು ಎಂದು ಹೇಳಿದ್ದು ನರ್ಸ್. ಗಂಡ ಮಗುವಿನ ಮಾತೇ ಎತ್ತಲಿಲ್ಲ.

ಮನೆಗೆ ಬಂದ ಮರುದಿನವೇ ಅವರು ತೊಗರಿಗೆ ಔಷಧ ಹೊಡೆಯಲು ಹೋದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆಲ್ಲ ಹ್ಞೂಂ ಅನ್ನುತ್ತಿದ್ದರು. ನನಗೆ ಎದೆಹಾಲು ಬಂದಿತ್ತು. ಕುಪ್ಪಸ ಒದ್ದೆಯಾದಾಗಲೆಲ್ಲ ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಅವರು ಬಾಗಿಲ ಹೊರಗೆ ಬಂದು ನಿಂತು, ಹಾಗೆಯೇ ಹೋಗಿಬಿಡುವುದು ಕೇಳಿಸುತ್ತಿತ್ತು. ಈ ಮನುಷ್ಯನಿಗೆ ಏನೂ ಅನ್ನಿಸಿಲ್ಲ ಎಂದುಕೊಂಡು ಕೊಲ್ಹಾರದ ತವರಿಗೆ ಹೋದೆ.

ಅವ್ವ ಏನನ್ನೂ ಕೆದಕಲಿಲ್ಲ. ಒಂದು ಮಧ್ಯಾಹ್ನ ನನ್ನ ಗಂಡ ಬಂದರು. ಅವ್ವ ಚಹಾ ಕೊಟ್ಟು, ಪಕ್ಕದ ಮನೆಯಲ್ಲಿ ಕೆಲಸವಿದೆಯೆಂದು ಎದ್ದು ಹೋದಳು. ಅವರು ಊರ ಸುದ್ದಿ ತೆಗೆದರು. ಎಮ್ಮೆ ಈದಿತು ಎನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಆಸ್ಪತ್ರೆಯಿಂದಲೂ ಒಳಗೇ ಇಟ್ಟುಕೊಂಡಿದ್ದನ್ನು ನಾನು ಆಗ ಕೇಳಿದೆ.

“ಯಾರ ಹಾಂಗ ಇತ್ರಿ ಅದು?”

ಅವರು ಚಹಾದ ಲೋಟ ಕೆಳಗಿಟ್ಟರು.

“ನಿನ್ನ ಹಾಂಗ ಇತ್ತು. ಹಣಿ, ಮೂಗು, ಎಲ್ಲಾ ನಿಂದ. ಕೂದ್ಲಾ ಭಾಳ ಇದ್ವು.”

ಅಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತರು. ಗಂಡಸೊಬ್ಬ ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ತಮ್ಮ ಅಂಗಿ ಬಿಚ್ಚಿ ಅದರಲ್ಲಿ ಸುತ್ತಿದ್ದು, ಗೆಳೆಯನ ಬೈಕಿನ ಹಿಂದೆ ಕೂತು ಎದೆಗವಚಿಕೊಂಡು ಒಯ್ದಿದ್ದು, ಮಣ್ಣು ಎಳೆಯಲು ಕೈಯೇ ಬಾರದಿದ್ದುದು, ಔಷಧ ಹೊಡೆಯುವ ನೆಪದಲ್ಲಿ ದಿನಾ ಅಲ್ಲಿಯೇ ಕೂತು ಬರುತ್ತಿದ್ದುದು, ಎಲ್ಲ ಹೇಳಿದರು. ತಾವು ಅತ್ತರೆ ನಾನು ಇನ್ನಷ್ಟು ಕುಸಿಯುತ್ತೇನೆಂದು ಹೆದರಿದ್ದರಂತೆ.

“ನಾ ಒಬ್ಬಾಕೀನ ಅಳಾಕತ್ತೇನಿ ಅಂತ ತಿಳ್ಕೊಂಡಿದ್ದೆ ರೀ” ಅಂದೆ.

ಅವ್ವ ತಿರುಗಿ ಬಂದಾಗ ನಾವಿಬ್ಬರೂ ಗೋಡೆಗೆ ಒರಗಿ ಒಂದೇ ಚಾಪೆಯ ಮೇಲೆ ಕೂತಿದ್ದೆವು. ಅವಳು ರೊಟ್ಟಿಗೆ ಹಿಟ್ಟು ನಾದತೊಡಗಿದಳು.

ಮರುದಿನ ಯಂಕಂಚಿಗೆ ಹೋದೆವು. ಬದುವಿನ ಬೇವಿನ ಬುಡದಲ್ಲಿ ಅವರು ತೋರಿಸಿದ ಜಾಗದಲ್ಲಿ ಕೂತು ಮಣ್ಣು ಸವರಿದೆ. ಅವರೂ ಪಕ್ಕದಲ್ಲಿ ಕೂತರು. ನೋವು ಅಲ್ಲಿಗೇ ಮುಗಿಯಲಿಲ್ಲ, ಎಷ್ಟೋ ತಿಂಗಳು ಇಬ್ಬರಿಗೂ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ಆದರೆ ಒಮ್ಮೊಮ್ಮೆ ಹೊಲಕ್ಕೆ ಹೊರಡುವ ಮೊದಲು ಅವರೇ ಬಂದು, ಇವತ್ತು ಮನಸ್ಸು ಸರಿಯಿಲ್ಲ, ನೀನೂ ಜೊತೆಗೆ ಬಾ ಅನ್ನುತ್ತಿದ್ದರು. ನಾನು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ.