ಸದ್ದಿಲ್ಲದ ಖೋ

ಬೆಳಗಿನ ಚಳಿಯಲ್ಲೇ ಚಾಮರಾಜನಗರ ಬಿಟ್ಟೆವು. ನಾನು ನಸ್ರೀನ್, ಬಿ.ಎಡ್. ಓದುತ್ತಿರುವವಳು, ಬಸ್ಸಿನ ಪಕ್ಕದ ಸೀಟಿನಲ್ಲಿ ಸಹಪಾಠಿ ಮಂಜು. ಆಧಾರ್ ತೋರಿಸಿದ ನನಗೆ ಸೊನ್ನೆ ರೂಪಾಯಿ ಟಿಕೆಟ್. ಅವನು ಕಾಸು ಕೊಟ್ಟು ಗೊಣಗಿದ. ಗುಂಡ್ಲುಪೇಟೆ ಹತ್ತಿರದ ಹಳ್ಳಿ ಶಾಲೆಯಲ್ಲಿ ನಮ್ಮ ಕಾಲೇಜಿನ ಸೇವಾ ಶಿಬಿರಕ್ಕೆ ಅದು ಕೊನೆಯ ದಿನ. ಎಲ್ಲ ಮಕ್ಕಳನ್ನೂ ಜೊತೆಗೆ ಸೇರಿಸಿಕೊಳ್ಳುವುದನ್ನು ಆಟದ ಮೂಲಕ ಕಲಿಯಲು ಹೋದವರು ನಾವು. ಐದನೇ ತರಗತಿಯ ರುಕ್ಕು ಮಾತ್ರ ಯಾವ ಆಟಕ್ಕೆ ಕರೆದರೂ ಬಾರದೆ ಗೋಡೆಗೊರಗಿ ನಿಂತೇ ಇದ್ದಳು. ಅವಳಿಗೆ ಕಿವಿ ಕೇಳದು, ಮಾತೂ ಬಾರದು. ಇವತ್ತಾದರೂ ಅವಳು ಓಡುವುದನ್ನು ಕಣ್ತುಂಬ ನೋಡಬೇಕೆಂದು ಜೀವ ಹಪಹಪಿಸುತ್ತಿತ್ತು.

ತೆರಕಣಾಂಬಿ ದಾಟಿದ ಮೇಲೆ ಎರಡೂ ಕಡೆ ಚೆಂಡುಹೂವಿನ ಹೊಲ. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಲಾರಿಗಳ ಪಕ್ಕದ ಮಲಯಾಳಿ ಕಾಕನ ಹೋಟೆಲಿನಲ್ಲಿ ಹಬೆಯಾಡುವ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಸಾರು ತಿಂದು ಆಟೊ ಹಿಡಿದೆವು.

ಬಿಸಿಲೇರುವ ಮುಂಚೆ ಮೈದಾನದ ಪಾರ್ಥೇನಿಯಂ ಕಿತ್ತು, ಕಲ್ಲು ಆಯ್ದು, ಸುಣ್ಣದ ಗೆರೆ ಎಳೆದೆವು. ಗೆರೆ, ಕಂಬ ನೋಡಿ ಖೋ ಖೋ ಅಂತ ಗೊತ್ತಾದದ್ದೇ ತಡ, ರುಕ್ಕು ಓಡಿಬಂದು ಸಾಲಿನಲ್ಲಿ ಕುಳಿತಳು!

“ಅವ್ಳು ಬ್ಯಾಡ ಮಿಸ್. ಬೆನ್ ಮುಟ್ಟಿ ಖೋ ಅನ್ಬೇಕಲ್ವಾ? ಅವ್ಳಿಗೆ ಅನ್ನಕಾಗಲ್ಲ, ಫೌಲ್ ಆಯ್ತದೆ,” ಎಂದಳು ತಂಡದ ನಾಯಕಿ ಶ್ವೇತಾ.

“ಸ್ಕೋರ್ ಬರೆಯಕೆ ಕೂರ್ಸ್ಬುಡು ಕಣಮ್ಮಿ, ಅವ್ಳೂ ಸೇರ್ಕಂಡಂಗಾಯ್ತು,” ಎಂದು ಮಂಜು ಸೀಮೆಸುಣ್ಣವನ್ನು ರುಕ್ಕುವಿನ ಕೈಗಿಟ್ಟ. ಅವಳು ಅದನ್ನು ನೆಲಕ್ಕಿಟ್ಟು, ಕುಳಿತಲ್ಲಿಂದ ಅಲ್ಲಾಡದೆ ನನ್ನ ಮುಖವನ್ನೇ ನೋಡಿದಳು. ನನಗೆ ರೇಗಿಹೋಯಿತು.

“ಅರೆ, ನೀನೇ ಬರ್ಕೊ ಹೋಗು!” ಎಂದೆ ಮಂಜುವಿಗೆ. ಮಕ್ಕಳ ಕಡೆ ತಿರುಗಿ, “ಇವತ್ತು ಯಾರೂ ಖೋ ಅನ್ನೋ ಹಾಗಿಲ್ಲ. ಬೆನ್ನಿಗೆ ಎರಡು ಸಲ ತಟ್ಟಿದ್ರೆ ಖೋ. ಬಾಯಿಬಿಟ್ಟವರು ಫೌಲ್,” ಎಂದು ತಟ್ಟಿ ತೋರಿಸಿದೆ.

“ಬಾಯ್ ಮುಚ್ಕಂಡಾ? ಆಗಾಕಿಲ್ಲ ಬುಡಿ ಮಿಸ್!” ಎಂದು ನಕ್ಕರು, ಆದರೂ ಆಡಿದರು. ಮೊದಲು ಕೂಗಿ ಫೌಲಾದವಳು ಶ್ವೇತಾಳೇ. ರುಕ್ಕು ಒಂದು ಸಲವೂ ತಪ್ಪಲಿಲ್ಲ. ಯಾರಿಗೂ ಸಿಗದೆ ಸತಾಯಿಸುತ್ತಿದ್ದ ಹುಡುಗಿಯನ್ನು ಕಂಬದ ಹತ್ತಿರ ಮುಟ್ಟಿಯೇಬಿಟ್ಟಳು.

“ಮುಂದಿನ್ ಆಟಕ್ಕೂ ಇವ್ಳು ನಮ್ ಕಡೆಗೇ ಕಣ್ರೇ!” ಎಂದು ಶ್ವೇತಾ ಅವಳ ಕೈಹಿಡಿದು ಎಳೆದುಕೊಂಡಳು.

ಸಂಜೆ ಶಾಲೆಯ ಮುಂದೆ ಬಸ್ಸಿಗೆ ಕಾಯುವಾಗ ರುಕ್ಕು ಬಂದು ಮೈದಾನ ತೋರಿಸಿ, ಕೈಸನ್ನೆಯಲ್ಲೇ ‘ನಾಳೆ ಬರ್ತೀರಾ?’ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಇಲ್ಲೇ ಉಳಿದುಬಿಡಬೇಕು ಅನಿಸಿತು. ನಾವು ಹೋದ ಮೇಲೆ ಇವಳು ಮತ್ತೆ ಗೋಡೆಗೊರಗಿ ನಿಲ್ಲುವಂತಾದರೆ?

ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಮಕ್ಕಳು ಆಗಲೇ ಮತ್ತೆ ಸಾಲು ಕುಳಿತಿದ್ದರು, ರುಕ್ಕು ನಟ್ಟನಡುವೆ. ಒಬ್ಬರ ಬಾಯಲ್ಲೂ ಸದ್ದಿಲ್ಲ. ನಾನು ಕೈ ಬೀಸಿದೆ, ಬೀಸುತ್ತಲೇ ಇದ್ದೆ. ಒಂದೇ ಒಂದು ಸಲ ತಿರುಗಿ ನೋಡೇ ಹುಡುಗಿ! ಅಷ್ಟರಲ್ಲಿ ಶ್ವೇತಾ ಅವಳ ಬೆನ್ನಿಗೆ ತಟ್ಟಿದಳು. ರುಕ್ಕುವಿಗೆ ನನ್ನನ್ನು ನೋಡಲು ಪುರುಸೊತ್ತೇ ಇರಲಿಲ್ಲ.