ಆನೆಯಿಲ್ಲದ ಕೀರ್ತನೆ

ನಾನು ಶಿಫ್ಟಿಗೆ ಹೋದ ಮೇಲೆ ಪಕ್ಕದ ಮನೆಯ ಟೀಚರು ಬಂದು ಅವ್ವನಿಗೆ ಬೈಬಲ್ ಓದಿ ಹೇಳುತ್ತಾರೆಂದು ಗೊತ್ತಾದಾಗ ನನಗೆ ಬಂದದ್ದು ಸಿಟ್ಟು. ಹಗ್ಗ ಕಂಡರೂ ಹಾವೆನ್ನುವ ಜಾತಿ ನಾನು. ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ. ಅನುಮಾನಪಡುವುದಕ್ಕೇ ನನಗೆ ಸಂಬಳ. ಗಂಡ ಸತ್ತು ಐದು ತಿಂಗಳಾಗಿರುವ ಹೆಂಗಸನ್ನು ಬುಟ್ಟಿಗೆ ಹಾಕಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ.

ಅಪ್ಪ ಸತ್ತದ್ದು ಜವಳಗಿರಿಯ ನಮ್ಮ ರಾಗಿ ಹೊಲದಲ್ಲಿ, ಬೆಳಗಿನ ಹೊತ್ತು, ಆನೆ ತುಳಿದು. ಆಗ ತಾನು ಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ ಎಂದು ಅವ್ವ ಎಲ್ಲರಿಗೂ ಹೇಳಿದ್ದಳು. ಮತ್ತಿಗಿರಿಯ ನನ್ನ ಬಾಡಿಗೆ ಮನೆಗೆ ಕರೆತಂದ ಮೇಲೂ ಅವಳು ಹೊಸ್ತಿಲು ದಾಟಲಿಲ್ಲ. ಆ ಪ್ರಾಣಿಯ ಹೆಸರನ್ನಂತೂ ಎತ್ತುತ್ತಲೇ ಇರಲಿಲ್ಲ. ನಮ್ಮ ಕಾಡಂಚಿನಲ್ಲಿ ಯಾರೂ ಎತ್ತುವುದಿಲ್ಲ, ಕರೆದರೆ ಬಂದುಬಿಡುತ್ತದೆ ಎಂಬ ಭಯ. ‘ದೊಡ್ಡೋರು’ ಅಂತಲೇ ಮಾತು.

ಒಂದು ರಜೆಯ ದಿನ ಬೇಕೆಂದೇ ಅವರಿಬ್ಬರ ನಡುವೆ ಹೋಗಿ ಕೂತೆ. ಪುಸ್ತಕ ತಮಿಳಿನದು. ಅವ್ವನಿಗೆ ಅಕ್ಷರ ಬಾರದು, ಟೀಚರು ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳುವರು. ಗಡಿಯಾಚೆಯ ಊರು ನಮ್ಮದು, ನಾನು ಕಲಿತದ್ದು ತಮಿಳು ಶಾಲೆಯಲ್ಲಿ. ಏನು ಸೇರಿಸುತ್ತಾರೆ, ಏನು ನುಂಗುತ್ತಾರೆ ನೋಡಿಯೇಬಿಡೋಣ ಎಂದು ಬೆರಳಿನ ಹಿಂದೆಯೇ ಕಣ್ಣೋಡಿಸಿದೆ. ಅದೊಂದು ಕೀರ್ತನೆ. ಯಾರೋ ದೇವರ ಮುಂದೆ ಗೋಳಾಡುತ್ತಿದ್ದಾನೆ: ಸುತ್ತಲೂ ಗೂಳಿಗಳು, ಬಾಯಿ ತೆರೆದ ಸಿಂಹ, ಮುತ್ತಿಕೊಂಡ ನಾಯಿಗಳು. ಒಂದು ಪದವೂ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಮೊದ್ಲೇ ಹೆದ್ರವ್ಳೆ. ಇವನ್ನೆಲ್ಲ ಯಾಕ್ ಯೋಳ್ತೀರಾ?” ಎಂದೆ.

“ಹೆದ್ರಿದೋರೇ ಬರ್ದಿರೋದು ಕಣಮ್ಮ,” ಎಂದರು ಟೀಚರು. ಇಷ್ಟು ನಯವಾದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

ಅಷ್ಟರಲ್ಲಿ ಅವ್ವ ಕೇಳಿದಳು. “ಅದ್ರಲ್ಲಿ ಆನೆ ಇಲ್ವಾ?”

ಅಪ್ಪ ಹೋದಮೇಲೆ ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಇಲ್ಲ ಎಂದು ಟೀಚರು ತಲೆಯಾಡಿಸಿದರು.

“ಅಂಗಾರೆ ನಾನೇ ಯೋಳ್ತೀನಿ.” ಅವ್ವ ಕೈ ಮುಗಿದಳು, ಪುಸ್ತಕಕ್ಕಲ್ಲ, ಗೋಡೆಯ ಮೇಲಿದ್ದ ನಮ್ಮ ಮುನೇಶ್ವರನಿಗೆ. “ಸ್ವಾಮಿ, ಆನೆ ನನ್ ಮುಂದೆ ನಿಂತಿತ್ತು. ಅವ್ರು ನನ್ನ ಹಿಂದಕ್ ತಳ್ಳುದ್ರು. ನಾನು ಓಡ್ಬುಟ್ಟೆ. ಕೂಗ್ತಾನೇ ಇದ್ರು. ತಿರುಗಿ ನೋಡ್ನಿಲ್ಲ.”

ಅಂದರೆ ಮುದ್ದೆ ತಿರುವಿದ ಮಾತು ಸುಳ್ಳು. ಊರವರನ್ನೆಲ್ಲ ಅನುಮಾನಿಸಿದ ನಾನು ಅವಳೊಬ್ಬಳನ್ನು ಅನುಮಾನಿಸಿರಲಿಲ್ಲ. ಮತ್ತೆ ಸಿಟ್ಟು ಬಂತು. ಅವಳ ಮೇಲೋ, ಇಷ್ಟು ದಿನ ಅವಳಿಂದ ಒಂದು ಮಾತು ಕೇಳಿಸಿಕೊಳ್ಳಲಾಗದ ನನ್ನ ಮೇಲೋ, ಈಗಲೂ ಹೇಳಲಾರೆ.

ಅವ್ವ ಟೀಚರ ಕಡೆ ತಿರುಗಿದಳು. “ಓಡೋದೋರ್ನ ದೇವ್ರು ಏನ್ ಮಾಡ್ತಾನೆ? ಅದು ಐತಾ ಅದ್ರಲ್ಲಿ?”

ಟೀಚರು ಪುಟ ನೋಡುತ್ತ, “ಐತೆ,” ಎಂದರು. “ಹದ್ದು ಬಂದಾಗ ಮರಿ ಓಡ್ಬಂದು ರೆಕ್ಕೆ ಕೆಳಗೆ ನುಗ್ತದೆ. ಯಾಕ್ ಓಡ್ಬಂದೆ ಅಂತ ತಾಯಿಕೋಳಿ ಕೇಳಾಕಿಲ್ಲ.”

ಅವ್ವ ನನ್ನ ಮುಖ ನೋಡಿದಳು. “ನಿಂಗೆ ತಮಿಳು ಬತ್ತದಲ್ಲ. ಅಂಗೇ ಬರ್ದೈತಾ?”

ಟೀಚರ ಬೆರಳು ಇನ್ನೂ ಗೂಳಿಗಳ ಸಾಲಿನ ಮೇಲೇ ಇತ್ತು.

“ಅಂಗೇ ಬರ್ದೈತೆ ಕಣವ್ವ,” ಎಂದೆ.